ಮನೆಬಳಕೆಯ ಐಸ್‌ಕ್ರೀಮ್ ಯಂತ್ರ

ಹಾಲು, ಕೆನೆ, ಸಕ್ಕರೆಗಳ ಮಿಶ್ರಣವನ್ನು ತಣಿಸುತ್ತಲೇ ಕಲಕಿ ಐಸ್‌ಕ್ರೀಮ್ ಮಾಡುವ, ಅಡುಗೆಕಟ್ಟೆಯ ಮೇಲಿಟ್ಟು ಬಳಸುವ ಚಿಕ್ಕ ಯಂತ್ರ. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದರಿಂದ ಎರಡು ಲೀಟರ್ ಐಸ್‌ಕ್ರೀಮ್ ಕೊಡುತ್ತದೆ. ತಣ್ಣನೆಯ ಪಾತ್ರೆ, ಅದರ ಒಳಗೋಡೆಯನ್ನು ಕೆರೆಯುವ ರೆಕ್ಕೆ, ಎರಡರಲ್ಲೊಂದನ್ನು ತಿರುಗಿಸುವ ಮೋಟರು, ಸುರಿಯಲು ಬಾಯಿಯಿರುವ ಮುಚ್ಚಳ, ಇಷ್ಟೇ ಇದರ ಮುಖ್ಯ ಅಂಗಗಳು. ಕೈಯಲ್ಲಿ ತಿರುಗಿಸುತ್ತಿದ್ದ ಮರದ ಬಕೆಟ್ಟಿನಿಂದ ಇಂದಿನ ಕಂಪ್ರೆಸರ್ ಮಾದರಿಯವರೆಗೆ ತಂಪಿನ ಮೂಲ ಬದಲಾಗಿದೆ, ಮಾಡುವ ಕೆಲಸ ಬದಲಾಗಿಲ್ಲ. ಮಿಶ್ರಣದೊಳಗಿನ ನೀರನ್ನು ನಾಲಿಗೆಗೆ ತಿಳಿಯದಷ್ಟು ಸಣ್ಣ ಹರಳುಗಳಾಗಿ ಹೆಪ್ಪುಗಟ್ಟಿಸುವುದೇ ಆ ಕೆಲಸ. ಮನೆಯ ಐಸ್‌ಕ್ರೀಮಿನ ಗುಣ ಯಂತ್ರದ ಬೆಲೆಗಿಂತ ಹೆಚ್ಚಾಗಿ ಈ ನೀರನ್ನು ಹದ್ದುಬಸ್ತಿನಲ್ಲಿಡುವುದರ ಮೇಲೆ ನಿಂತಿದೆ. ಅದರ ಬಹುಪಾಲು ಯಂತ್ರದ ಗುಂಡಿ ಒತ್ತುವ ಮೊದಲೇ ನಿರ್ಧಾರವಾಗಿರುತ್ತದೆ.

ತತ್ತ್ವ

ಸಿಹಿ ಹಾಲನ್ನು ಹಾಗೆಯೇ ಫ್ರೀಜರಿನಲ್ಲಿಟ್ಟರೆ ಗಟ್ಟಿ ಗಡ್ಡೆಯಾಗುತ್ತದೆ, ಐಸ್‌ಕ್ರೀಮ್ ಆಗುವುದಿಲ್ಲ. ನಿಂತ ದ್ರವ ನಿಧಾನವಾಗಿ ತಣಿಯುವಾಗ ಕೆಲವೇ ಹರಳುಗಳು ಹುಟ್ಟಿ, ಸುತ್ತಲಿನ ನೀರನ್ನೆಲ್ಲ ಎಳೆದುಕೊಂಡು ದೊಡ್ಡದಾಗಿ ಬೆಳೆಯುತ್ತವೆ. ಬೇಗ ತಣಿಸಿ, ಬಿಡದೆ ಕಲಕಿದರೆ ಅಸಂಖ್ಯ ಹರಳುಗಳು ಒಟ್ಟಿಗೇ ಹುಟ್ಟುತ್ತವೆ. ಅಷ್ಟೇ ನೀರು ಅಷ್ಟೊಂದು ಹರಳುಗಳಿಗೆ ಹಂಚಿಹೋಗುವುದರಿಂದ ಯಾವುದೂ ದೊಡ್ಡದಾಗುವುದಿಲ್ಲ. ಹರಳಿನ ಸರಾಸರಿ ಗಾತ್ರ ಸುಮಾರು 50 ಮೈಕ್ರೋಮೀಟರ್‌ಗಿಂತ ಕಡಿಮೆಯಿದ್ದರೆ ಬಾಯಿಗೆ ನಯವೆನಿಸುತ್ತದೆ. ಅದನ್ನು ಮೀರಿದರೆ ನಾಲಿಗೆಗೆ ಮರಳು ತಾಕಿದಂತಾಗುತ್ತದೆ.

ಸಿದ್ಧವಾದ ಐಸ್‌ಕ್ರೀಮಿನಲ್ಲಿ ನಾಲ್ಕು ವಸ್ತುಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ: ಐಸಿನ ಹರಳು, ಗಾಳಿಯ ಗುಳ್ಳೆ, ಕೊಬ್ಬಿನ ಕಣ, ಇವನ್ನೆಲ್ಲ ಹಿಡಿದಿಟ್ಟಿರುವ ಹೆಪ್ಪುಗಟ್ಟದ ಸಕ್ಕರೆ ಪಾಕ. ಸಕ್ಕರೆ ಕರಗಿರುವ ಕಾರಣ ಮಿಶ್ರಣ 0 ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಸುಮಾರು ಮೈನಸ್ 2.5ರಿಂದ ಮೈನಸ್ 3 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊದಲ ಹರಳು ಕಾಣಿಸಿಕೊಳ್ಳುತ್ತದೆ. ನೀರು ಹರಳಾಗಿ ಬೇರ್ಪಟ್ಟಂತೆಲ್ಲ ಉಳಿದ ಪಾಕ ಗಟ್ಟಿಯಾಗುತ್ತ ಹೋಗಿ, ಅದನ್ನು ಹೆಪ್ಪುಗಟ್ಟಿಸಲು ಇನ್ನಷ್ಟು ತಂಪು ಬೇಕಾಗುತ್ತದೆ. ಯಂತ್ರದಿಂದ ತೆಗೆಯುವಾಗಿನ ಮೈನಸ್ 5 ಡಿಗ್ರಿಯ ಆಸುಪಾಸಿನಲ್ಲಿ ಸುಮಾರು ಅರ್ಧದಷ್ಟು ನೀರು ಮಾತ್ರ ಹರಳಾಗಿರುತ್ತದೆ. ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲೂ ಒಂದು ಪಾಲು ದ್ರವವಾಗಿಯೇ ಉಳಿಯುತ್ತದೆ. ಐಸ್‌ಕ್ರೀಮಿಗೆ ಚಮಚ ಇಳಿಯುವುದು ಈ ಉಳಿದ ಪಾಕದಿಂದಾಗಿ.

ಇದೇ ನೀರಿನ ಸಮಸ್ಯೆಗೆ ಕುಲ್ಫಿ ಬೇರೊಂದು ಉತ್ತರ ಕಂಡುಕೊಂಡಿದೆ. ಅದನ್ನು ಕಲಕುವುದಿಲ್ಲ. ಹಾಲನ್ನು ಗಂಟೆಗಟ್ಟಲೆ ಕುದಿಸಿ, ನೀರನ್ನು ಒಲೆಯ ಮೇಲೇ ಆವಿಯಾಗಿಸಿ, ಗಟ್ಟಿಯಾದ ಹಾಲನ್ನು ಅಚ್ಚಿಗೆ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಗಾಳಿ ಸೇರದ ಕಾರಣ ಕುಲ್ಫಿ ಭಾರವಾಗಿ, ನಿಧಾನವಾಗಿ ಕರಗುತ್ತದೆ. ಯಂತ್ರವಿಲ್ಲದ ಮನೆಗೆ ಇಂದಿಗೂ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಇತಿಹಾಸ

ಉಪ್ಪು ಬೆರೆತರೆ ತಂಪು ಹೆಚ್ಚುತ್ತದೆ ಎಂಬ ಅರಿವು ಯಂತ್ರಕ್ಕಿಂತ ಬಹಳ ಹಳೆಯದು. ಅಕ್ಬರನ ಆಸ್ಥಾನದಲ್ಲಿ ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಕುಡಿಯುವ ನೀರಿನ ಹೂಜಿಯನ್ನು ತಿರುಗಿಸಿ ತಣಿಸುತ್ತಿದ್ದ ಕ್ರಮವನ್ನು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ವಿವರಿಸಿದ್ದಾನೆ. ಇಟಲಿಯ ಜಾಂಬಟಿಸ್ಟ ಡೆಲ್ಲ ಪೋರ್ಟ 1589ರ ತನ್ನ ಗ್ರಂಥದಲ್ಲಿ ಹಿಮ ಹಾಗೂ ಪೆಟ್ಲುಪ್ಪಿನಿಂದ ದ್ರಾಕ್ಷಾರಸವನ್ನು ಹೆಪ್ಪುಗಟ್ಟಿಸುವ ಬಗೆಯನ್ನು ಬರೆದ. ಐಸು ಕರಗಲು ಶಾಖ ಬೇಕು. ಉಪ್ಪು ಐಸನ್ನು ಒತ್ತಾಯದಿಂದ ಕರಗಿಸುವುದರಿಂದ ಆ ಶಾಖವನ್ನು ಅದು ಪಕ್ಕದ ಪಾತ್ರೆಯಿಂದ ಎಳೆದುಕೊಳ್ಳುತ್ತದೆ. ಅಡುಗೆ ಉಪ್ಪು ಮತ್ತು ಐಸು ಸೇರಿ ಮೈನಸ್ 21 ಡಿಗ್ರಿವರೆಗೂ ಇಳಿಯಬಲ್ಲವು.

ಫಿಲಡೆಲ್ಫಿಯದ ನ್ಯಾನ್ಸಿ ಜಾನ್ಸನ್ 1843ರ ಸೆಪ್ಟೆಂಬರ್‌ನಲ್ಲಿ ಪಡೆದ ಅಮೆರಿಕದ ಪೇಟೆಂಟ್ ಈ ಯಂತ್ರದ ಚರಿತ್ರೆಯ ಮೊದಲ ದೊಡ್ಡ ಮೈಲಿಗಲ್ಲು. ಉಪ್ಪು, ಐಸು ತುಂಬಿದ ಬಕೆಟ್ಟು, ಅದರೊಳಗೆ ಉದ್ದನೆಯ ಡಬ್ಬಿ, ಡಬ್ಬಿಯೊಳಗೆ ತೂತುಗಳಿರುವ ರೆಕ್ಕೆ, ಮೇಲೆ ಒಂದು ಹಿಡಿಕೆ. ಅದಕ್ಕೆ ಮೊದಲು ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ, ಆಗಾಗ ಮುಚ್ಚಳ ತೆಗೆದು, ಗೋಡೆಗೆ ಅಂಟಿದ್ದನ್ನು ಸಟ್ಟುಗದಿಂದ ಕೆರೆಯಬೇಕಿತ್ತು. ಕೆರೆಯುವುದು, ಕಲಕುವುದು ಎರಡನ್ನೂ ಜಾನ್ಸನ್ ಒಂದೇ ಹಿಡಿಕೆಗೆ ಕಟ್ಟಿದರು. ಕಲಕುತ್ತ ಹೆಪ್ಪುಗಟ್ಟಿಸುವ ಇಂದಿನ ಪ್ರತಿ ಯಂತ್ರವೂ ಆ ಕೂಡಿಕೆಯ ವಂಶದ್ದೇ. ಲಂಡನ್ನಿನಲ್ಲಿ ಪಾಕಶಾಲೆ ನಡೆಸುತ್ತಿದ್ದ ಆಗ್ನೆಸ್ ಮಾರ್ಷಲ್ 1885ರಲ್ಲಿ ಐಸ್‌ಗಳ ಕುರಿತೇ ಒಂದು ಪುಸ್ತಕ ಹೊರತಂದರು. ಅವರ ಯಂತ್ರದಲ್ಲಿ ಆಳದ ಡಬ್ಬಿಯ ಬದಲು ಅಗಲವಾದ ತಟ್ಟೆಯಂಥ ಪಾತ್ರೆಯಿತ್ತು. ತಂಪು ತಾಕುವ ಮೈ ಹೆಚ್ಚಿದ್ದರಿಂದ ಕೆಲಸ ಬೇಗ ಮುಗಿಯುತ್ತಿತ್ತು. ಪಾತ್ರೆ ತಿರುಗುತ್ತಿತ್ತು, ರೆಕ್ಕೆ ನಿಂತಿರುತ್ತಿತ್ತು. ಇಂದಿನ ಹಲವು ಮನೆಯಂತ್ರಗಳಲ್ಲೂ ತಿರುಗುವುದು ಪಾತ್ರೆಯೇ.

ಭಾರತದಲ್ಲಿ ಅಡ್ಡಿಯಾಗಿದ್ದುದು ಐಸಿನ ಕೊರತೆ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಅಮೆರಿಕದ ಕೆರೆಗಳ ಐಸನ್ನು ಹಡಗಿನಲ್ಲಿ ಕಲ್ಕತ್ತಕ್ಕೆ ಕಳುಹಿಸಿದ. ಹೊರಟಾಗ ಸುಮಾರು 180 ಟನ್ ಇದ್ದದ್ದು ತಲಪುವ ಹೊತ್ತಿಗೆ ಸುಮಾರು 100 ಟನ್ ಉಳಿದಿತ್ತು. ಮದ್ರಾಸಿನ ಕಡಲದಂಡೆಯಲ್ಲಿ ಈ ವ್ಯಾಪಾರಕ್ಕಾಗಿ ಕಟ್ಟಿದ ಐಸ್ ಹೌಸ್ ಇಂದು ವಿವೇಕಾನಂದರ ಸ್ಮಾರಕವಾಗಿದೆ. ಐಸ್ ಕಾರ್ಖಾನೆಗಳು ಬಂದ ಮೇಲೆಯೇ ಉಪ್ಪಿನ ಬಕೆಟ್ಟು ನಮ್ಮ ಊರುಗಳಲ್ಲಿ ಕಾಣಿಸಿಕೊಂಡಿತು. 1980ರ ದಶಕದಲ್ಲಿ ಜಪಾನಿನಿಂದ ಬಂದ ಡಾನ್ವಿಯರ್ ಎಂಬ ಕೈಯಂತ್ರ ಉಪ್ಪು, ಐಸು ಎರಡನ್ನೂ ಬಿಟ್ಟು, ಗೋಡೆಯೊಳಗೆ ಶೀತಕ ದ್ರವ ತುಂಬಿದ ಬಟ್ಟಲನ್ನು ಫ್ರೀಜರಿನಲ್ಲಿಟ್ಟು ಬಳಸುವ ಕ್ರಮವನ್ನು ಜನಪ್ರಿಯಗೊಳಿಸಿತು.

ಬಗೆಗಳು

ಉಪ್ಪು-ಐಸಿನ ಬಕೆಟ್ಟು. ಹೊರ ಬಕೆಟ್ಟಿಗೆ ಪುಡಿಮಾಡಿದ ಐಸನ್ನೂ ಕಲ್ಲುಪ್ಪನ್ನೂ ಪದರ ಪದರವಾಗಿ ತುಂಬುತ್ತಾರೆ. ನಾಲ್ಕು ಪಾಲು ಐಸಿಗೆ ಒಂದು ಪಾಲು ಉಪ್ಪು ಸಾಕು. ಒಂದೇ ಸಲಕ್ಕೆ ನಾಲ್ಕೈದು ಲೀಟರ್ ಮಾಡಬಹುದಾದ್ದರಿಂದ ದೊಡ್ಡ ಕೂಟಗಳಿಗೆ ಇದೇ ಅನುಕೂಲ. ಕಸುವು ಬೇಕು, ನೆಲ ಒದ್ದೆಯಾಗುತ್ತದೆ, ಉಪ್ಪುನೀರು ಡಬ್ಬಿಯೊಳಗೆ ಹನಿಯದಂತೆ ಕಾಯಬೇಕು.

ಫ್ರೀಜರ್ ಬಟ್ಟಲಿನ ಯಂತ್ರ. ಮನೆಗಳಲ್ಲಿ ಹೆಚ್ಚು ಕಾಣುವುದು ಇದೇ. ಇಮ್ಮಡಿ ಗೋಡೆಯ ಬಟ್ಟಲನ್ನು ಮೈನಸ್ 18 ಡಿಗ್ರಿಯಲ್ಲಿ 16ರಿಂದ 24 ಗಂಟೆ ಇಡಬೇಕು. ಅಲುಗಾಡಿಸಿದಾಗ ಒಳಗಿನ ದ್ರವದ ಸದ್ದು ಕೇಳಿಸಿದರೆ ಅದಿನ್ನೂ ಸಿದ್ಧವಾಗಿಲ್ಲ. 20ರಿಂದ 30 ನಿಮಿಷದಲ್ಲಿ ಐಸ್‌ಕ್ರೀಮ್ ಆಗುತ್ತದೆ. ಅಷ್ಟರಲ್ಲಿ ಬಟ್ಟಲಿನಲ್ಲಿ ಕೂಡಿಟ್ಟ ತಂಪು ತೀರಿಹೋಗುವುದರಿಂದ ಎರಡನೆಯ ಸುತ್ತಿಗೆ ಮರುದಿನದವರೆಗೆ ಕಾಯಬೇಕು. ಒಂದೇ ಬಾಗಿಲಿನ ಹಳೆಯ ಫ್ರಿಜ್ಜಿನ ಮೇಲ್ಭಾಗದ ಐಸ್ ಅರೆ ಎಷ್ಟೋ ಸಲ ಬೇಕಾದಷ್ಟು ತಣ್ಣಗಾಗುವುದಿಲ್ಲ. ಬೇಸಿಗೆಯಲ್ಲಿ ವಿದ್ಯುತ್ ಹೋಗಿ ಬರುತ್ತಿದ್ದರೆ ಇನ್ನೂ ಕಷ್ಟ. ಯಂತ್ರ ಕೊಳ್ಳುವ ಮೊದಲು ಫ್ರೀಜರಿನಲ್ಲಿ ಥರ್ಮಾಮೀಟರ್ ಇಟ್ಟು ನೋಡುವುದು, ಬಟ್ಟಲು ನೆಟ್ಟಗೆ ಕೂರುವ ಜಾಗವಿದೆಯೇ ಎಂದು ಅಳೆಯುವುದು ಜಾಣತನ.

ಕಂಪ್ರೆಸರ್ ಯಂತ್ರ. ತನ್ನದೇ ಪುಟ್ಟ ಶೈತ್ಯಯಂತ್ರ ಇರುವುದರಿಂದ ಬಟ್ಟಲನ್ನು ಮುಂಚೆ ತಣಿಸಬೇಕಾಗಿಲ್ಲ. ಒಂದರ ಹಿಂದೊಂದು ಸುತ್ತು ಮಾಡಬಹುದು. ಬೆಲೆ ಹೆಚ್ಚು, ತೂಕ ಹೆಚ್ಚು. ಒಂದು ಸುತ್ತಿಗೆ 30ರಿಂದ 60 ನಿಮಿಷ ಹಿಡಿಯುತ್ತದೆ. ಸಾಗಿಸುವಾಗ ಮಲಗಿಸಿದ್ದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿದಿರುತ್ತದೆ. ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿಯೇ ಚಾಲೂ ಮಾಡಬೇಕು.

ಹೆರೆಯುವ ಯಂತ್ರ. ಇಲ್ಲಿ ಕ್ರಮವೇ ತಲೆಕೆಳಗು. ಮಿಶ್ರಣವನ್ನು ಡಬ್ಬಿಯಲ್ಲಿ ಒಂದು ದಿನ ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ಆಮೇಲೆ ವೇಗವಾಗಿ ತಿರುಗುವ ಅಲಗಿನಿಂದ ಮೇಲಿನಿಂದ ಕೆಳಕ್ಕೆ ಹೆರೆಯುತ್ತಾರೆ. ದೊಡ್ಡ ಹರಳು ಹುಟ್ಟಿದ ಮೇಲೆ ಅದನ್ನು ಪುಡಿಮಾಡುವ ಉಪಾಯ ಇದು. ಸ್ವಿಟ್ಜರ್ಲೆಂಡಿನ ಪ್ಯಾಕೋಜೆಟ್ ಹೋಟೆಲ್ ಅಡುಗೆಮನೆಗಳಲ್ಲಿ ಈ ವಿಧಾನವನ್ನು ನೆಲೆಗೊಳಿಸಿತು. 2021ರಲ್ಲಿ ಬಂದ ನಿಂಜಾ ಕ್ರೀಮಿ ಅದೇ ಬಗೆಯ ಕೆಲಸವನ್ನು ಮನೆಯ ಕಟ್ಟೆಗೆ ತಂದಿತು. ಕೊಬ್ಬು, ಸಕ್ಕರೆ ಕಡಿಮೆಯಿರುವ ಮಿಶ್ರಣವೂ ಇದರಲ್ಲಿ ನಯವಾಗುವುದರಿಂದ ಪಥ್ಯದವರಿಗೆ ಪ್ರಿಯವಾಗಿದೆ.

ಮಿಶ್ರಣ

ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ ಐಸ್‌ಕ್ರೀಮ್ ಎಂದು ಕರೆಸಿಕೊಳ್ಳಲು ಕನಿಷ್ಠ ಶೇ. 10 ಹಾಲಿನ ಕೊಬ್ಬು, ಶೇ. 36 ಒಟ್ಟು ಘನಾಂಶ ಇರಬೇಕು. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಕೊಬ್ಬು ಬಳಸಿದ್ದನ್ನು ಫ್ರೋಜನ್ ಡೆಸರ್ಟ್ ಎಂದೇ ಮಾರಬೇಕು. ಮನೆಯಲ್ಲಿ ಮಾಡುವವರಿಗೂ ಈ ಅಂಕಿಗಳು ಒಳ್ಳೆಯ ದಾರಿದೀಪ. ಕೊಬ್ಬು ಶೇ. 10ರಿಂದ 14, ಸಕ್ಕರೆ ಶೇ. 14ರಿಂದ 17, ಕೊಬ್ಬಲ್ಲದ ಹಾಲಿನ ಘನಾಂಶ ಶೇ. 9ರಿಂದ 11, ಉಳಿದದ್ದು ನೀರು ಎಂಬುದು ಸಾಮಾನ್ಯ ಲೆಕ್ಕ.

ಒಂದು ಉದಾಹರಣೆ ನೋಡಬಹುದು. ಶೇ. 6 ಕೊಬ್ಬು, ಶೇ. 9 ಇತರ ಘನಾಂಶವಿರುವ ಪೂರ್ಣ ಕೆನೆಯ ಪ್ಯಾಕೆಟ್ ಹಾಲು 450 ಗ್ರಾಂ, ಅಂಗಡಿಯಲ್ಲಿ ಸಿಗುವ ಶೇ. 25 ಕೊಬ್ಬಿನ ಫ್ರೆಶ್ ಕ್ರೀಮ್ 300 ಗ್ರಾಂ, ಸಕ್ಕರೆ 150 ಗ್ರಾಂ, ಕೆನೆರಹಿತ ಹಾಲಿನ ಪುಡಿ 35 ಗ್ರಾಂ. ಒಟ್ಟು 935 ಗ್ರಾಂ. ಕೊಬ್ಬು ಹಾಲಿನಿಂದ 27, ಕ್ರೀಮಿನಿಂದ 75, ಸೇರಿ 102 ಗ್ರಾಂ, ಅಂದರೆ ಸುಮಾರು ಶೇ. 11. ಸಕ್ಕರೆ ಶೇ. 16. ಹಾಲಿನ ಇತರ ಘನಾಂಶ ಸುಮಾರು ಶೇ. 10. ನೀರು ಸುಮಾರು ಶೇ. 63. ಇದರಲ್ಲಿ ಕ್ರೀಮಿನ ಬದಲು ಹಾಲನ್ನೇ ಹಾಕಿದರೆ ಕೊಬ್ಬು ಶೇ. 5ಕ್ಕೂ ಕೆಳಗಿಳಿದು, ನೀರು ಹೆಚ್ಚಿ, ಯಾವ ಯಂತ್ರದಲ್ಲೂ ನಯ ಬರುವುದಿಲ್ಲ. ಯಂತ್ರ ಕೊಂಡವರಿಗೆ ಮೊದಲ ಸಲ ನಿರಾಸೆಯಾಗುವುದು ಹೆಚ್ಚಾಗಿ ಇಲ್ಲಿಯೇ. ಎಮ್ಮೆ ಹಾಲು ಸುಲಭವಾಗಿ ಸಿಗುವ ಕಡೆ ಅದನ್ನು ಕಾಲು ಭಾಗ ಇಂಗುವಂತೆ ಕುದಿಸಿ ಬಳಸಿದರೆ ಕ್ರೀಮನ್ನು ಅಷ್ಟರಮಟ್ಟಿಗೆ ತಗ್ಗಿಸಬಹುದು.

ಸಕ್ಕರೆಯ ಕೆಲಸ ಸಿಹಿ ಕೊಡುವುದಷ್ಟೇ ಅಲ್ಲ. ಆರೋಗ್ಯಕ್ಕೆಂದು ಅದನ್ನು ಅರ್ಧಕ್ಕಿಳಿಸಿದರೆ ಐಸ್‌ಕ್ರೀಮ್ ಕಲ್ಲಾಗುತ್ತದೆ. ಗ್ಲೂಕೋಸ್ ಪುಡಿ ಅಷ್ಟೇ ತೂಕದ ಸಕ್ಕರೆಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ಹೆಪ್ಪುಗಟ್ಟುವ ಬಿಂದುವನ್ನು ಇಳಿಸುತ್ತದೆ, ಸಿಹಿ ಮಾತ್ರ ಕಡಿಮೆ. ಸಕ್ಕರೆಯ ಒಂದು ಸಣ್ಣ ಪಾಲಿನ ಬದಲು ಅದನ್ನು ಹಾಕಿದರೆ ಮೆತ್ತಗಾಗುತ್ತದೆ. ಬೆಲ್ಲದಲ್ಲಿ ಆಮ್ಲದ ಅಂಶವಿರುವುದರಿಂದ ಬಿಸಿ ಹಾಲಿಗೆ ಹಾಕಿದರೆ ಒಡೆಯಬಹುದು. ಪಾಕ ಮಾಡಿ, ಆರಿಸಿ, ತಣ್ಣನೆಯ ಮಿಶ್ರಣಕ್ಕೆ ಸೇರಿಸಬೇಕು.

ನೀರನ್ನು ಹಿಡಿದಿಡುವ ಪದಾರ್ಥ ಇನ್ನೊಂದು ಮುಖ್ಯ ಸಂಗತಿ. ಫ್ರೆಂಚ್ ಪದ್ಧತಿಯಲ್ಲಿ ಮೊಟ್ಟೆಯ ಹಳದಿ ಈ ಕೆಲಸ ಮಾಡುತ್ತದೆ. ಸಿಸಿಲಿಯ ಜೆಲಾಟೋದಲ್ಲಿ ಮೊಟ್ಟೆಯ ಬದಲು ಪಿಷ್ಟ ಬಳಸುವ ಸಂಪ್ರದಾಯವಿದೆ. ನಮ್ಮ ಸಸ್ಯಾಹಾರಿ ಮನೆಗಳಿಗೆ ಒಗ್ಗುವುದೂ ಅದೇ. ಒಂದು ಲೀಟರ್ ಮಿಶ್ರಣಕ್ಕೆ ಒಂದೂವರೆ ದೊಡ್ಡ ಚಮಚ ಕಾರ್ನ್‌ಫ್ಲೋರ್ ಅನ್ನು ತಣ್ಣನೆಯ ಹಾಲಿನಲ್ಲಿ ಕದಡಿ, ಹಸಿ ವಾಸನೆ ಹೋಗುವವರೆಗೆ ಕುದಿಸಬೇಕು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಜಿಎಂಎಸ್, ಸಿಎಂಸಿ ಪುಡಿಗಳನ್ನೂ ಬಹಳ ಕಾಲದಿಂದ ಬಳಸುತ್ತಾರೆ. ಜಿಎಂಎಸ್ ಕೊಬ್ಬಿನ ಕಣಗಳು ಗಾಳಿಗುಳ್ಳೆಯ ಸುತ್ತ ಕೂಡಿಕೊಳ್ಳಲು ನೆರವಾಗುತ್ತದೆ. ಸಿಎಂಸಿ ನೀರನ್ನು ಹಿಡಿದಿಡುತ್ತದೆ. ಹೆಚ್ಚು ಹಾಕಿದರೆ ಅಂಟಂಟು.

ತಯಾರಿಕೆ

ಮಿಶ್ರಣವನ್ನು ಕಾಯಿಸಿ, ಬೇಗ ಆರಿಸಿ, ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ಇಡಬೇಕು. ಈ ವಿರಾಮದಲ್ಲಿ ಕೊಬ್ಬು ಗಟ್ಟಿಯಾಗುತ್ತದೆ, ಹಾಲಿನ ಪ್ರೋಟೀನು, ಪಿಷ್ಟ ನೀರನ್ನು ಹೀರಿಕೊಳ್ಳುತ್ತವೆ. ತಂಪಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಮೇಲಿನ 935 ಗ್ರಾಂ ಮಿಶ್ರಣವನ್ನು 4 ಡಿಗ್ರಿಯಿಂದ ಮೈನಸ್ 5ಕ್ಕೆ ಇಳಿಸಿ, ಅದರ ಅರ್ಧದಷ್ಟು ನೀರನ್ನು ಹರಳಾಗಿಸಲು, ಗುಪ್ತೋಷ್ಣವೂ ಸೇರಿ, ಸುಮಾರು 125 ಕಿಲೋಜೂಲ್ ಶಾಖವನ್ನು ಹೊರತೆಗೆಯಬೇಕು. ಅದೇ ಮಿಶ್ರಣವನ್ನು 25 ಡಿಗ್ರಿಯಲ್ಲಿದ್ದಂತೆಯೇ ಸುರಿದರೆ ಇನ್ನೂ ಸುಮಾರು 65 ಕಿಲೋಜೂಲ್ ಬೇಕು. ಬಟ್ಟಲು ಕೂಡಿಟ್ಟ ತಂಪಿನ ದೊಡ್ಡ ಪಾಲು ಹಾಲನ್ನು ಆರಿಸುವುದರಲ್ಲೇ ಖರ್ಚಾಗಿ, ಐಸ್‌ಕ್ರೀಮ್ ಆಗುವ ಹೊತ್ತಿಗೆ ಅದು ಬರಿದಾಗಿರುತ್ತದೆ. ಯಂತ್ರ ಕೆಟ್ಟಿದೆ ಎಂಬ ದೂರುಗಳಲ್ಲಿ ಎಷ್ಟೋ ಇದರಿಂದ ಬಂದವು.

ಯಂತ್ರವನ್ನು ಮೊದಲು ಚಾಲೂ ಮಾಡಿ, ಆಮೇಲೆ ಮಿಶ್ರಣ ಸುರಿಯಬೇಕು. ನಿಂತ ಬಟ್ಟಲಿಗೆ ಸುರಿದರೆ ಕ್ಷಣದಲ್ಲಿ ಗೋಡೆಗೆ ಐಸಿನ ಪದರ ಅಂಟಿ ರೆಕ್ಕೆ ಸಿಕ್ಕಿಕೊಳ್ಳುತ್ತದೆ. ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು. ಮೊದಲ ಐದು ನಿಮಿಷ ಏನೂ ಆಗುತ್ತಿಲ್ಲವೆನಿಸುತ್ತದೆ. ಆಗಲೇ ಗೋಡೆಯಲ್ಲಿ ಹುಟ್ಟಿದ ಹರಳುಗಳನ್ನು ರೆಕ್ಕೆ ಕೆರೆದು ನಡುವಿಗೆ ತಳ್ಳುತ್ತಿರುತ್ತದೆ, ಕೆಲವು ಅಲ್ಲಿ ಕರಗಿ ನಡುವನ್ನು ತಣಿಸುತ್ತವೆ. ಹತ್ತನೆಯ ನಿಮಿಷಕ್ಕೆ ದೋಸೆ ಹಿಟ್ಟಿನ ಹದ. ಬಣ್ಣ ತುಸು ಬಿಳುಚಿಕೊಳ್ಳುತ್ತದೆ, ಮಟ್ಟ ಏರುತ್ತದೆ, ಗಾಳಿ ಸೇರುತ್ತಿದೆ ಎಂದರ್ಥ. ಹದಿನೈದರ ಸುಮಾರಿಗೆ ಮೋಟರಿನ ಸದ್ದು ದಪ್ಪವಾಗುತ್ತದೆ. ರೆಕ್ಕೆ ಹಾದ ಗೆರೆ ಮುಚ್ಚಿಕೊಳ್ಳದೆ ಉಳಿದು, ಶ್ರೀಖಂಡದಂತೆ ಮಡಿಕೆ ಬೀಳತೊಡಗಿದಾಗ ಹದ ಬಂದಂತೆ. ಒಣಹಣ್ಣು, ಚಾಕೊಲೇಟ್ ಚೂರು ಸೇರಿಸುವುದು ಈ ಕೊನೆಯ ಎರಡು ನಿಮಿಷದಲ್ಲಿ. ಇನ್ನೂ ಗಟ್ಟಿಯಾಗಲಿ ಎಂದು ಬಿಟ್ಟರೆ ತಂಪು ಹೆಚ್ಚುವುದಿಲ್ಲ, ಕೊಬ್ಬು ಕಡೆದುಕೊಂಡು ಬೆಣ್ಣೆಯ ಕಣವಾಗುತ್ತದೆ.

ಅಲ್ಲಿಂದ ಮುಂದಿನದು ಫ್ರೀಜರಿನ ಕೆಲಸ. ಮುಂಚೆಯೇ ತಣಿಸಿದ ಅಗಲವಾದ, ಆಳವಿಲ್ಲದ ಡಬ್ಬಿಗೆ ತುಂಬಿ, ಮೇಲ್ಮೈಗೆ ತಾಗುವಂತೆ ಬಟರ್ ಪೇಪರ್ ಒತ್ತಿ, ಫ್ರೀಜರಿನ ಬಾಗಿಲಿನಿಂದ ದೂರ, ಹಿಂಭಾಗದಲ್ಲಿ ನಾಲ್ಕು ಗಂಟೆ ಇಟ್ಟರೆ ಗಟ್ಟಿಯಾಗುತ್ತದೆ. ಎರಡು ವಾರದೊಳಗೆ ತಿಂದು ಮುಗಿಸುವುದು ಒಳ್ಳೆಯದು. ಬಾಗಿಲು ತೆರೆದಾಗಲೆಲ್ಲ ಸಣ್ಣ ಹರಳು ಕರಗಿ, ಮತ್ತೆ ತಣಿಯುವಾಗ ದೊಡ್ಡ ಹರಳಿಗೆ ಹೋಗಿ ಅಂಟಿಕೊಳ್ಳುತ್ತದೆ.

ಗಾಳಿಯ ಪಾಲು

ಕಲಕುವಾಗ ಸೇರುವ ಗಾಳಿಯಿಂದ ಮಿಶ್ರಣದ ಗಾತ್ರ ಹಿಗ್ಗುವುದಕ್ಕೆ ತಯಾರಕರು ಓವರ್‌ರನ್ ಎನ್ನುತ್ತಾರೆ. ಒಂದು ಲೀಟರ್ ಮಿಶ್ರಣದ ತೂಕ ಸುಮಾರು 1,100 ಗ್ರಾಂ. ಅದು ಎರಡು ಲೀಟರ್ ಆಗುವಷ್ಟು ಗಾಳಿ ಸೇರಿದರೆ, ಒಂದು ಲೀಟರ್ ಐಸ್‌ಕ್ರೀಮಿನ ತೂಕ 550 ಗ್ರಾಂ. ಭಾರತದ ನಿಯಮ ಲೀಟರಿಗೆ ಕನಿಷ್ಠ 525 ಗ್ರಾಂ ತೂಕ ಇರಬೇಕೆನ್ನುತ್ತದೆ. ನಿಧಾನಕ್ಕೆ ತಿರುಗುವ ಮನೆಯಂತ್ರದಲ್ಲಿ ಹಿಗ್ಗುವುದು ಕಾಲು ಭಾಗದಷ್ಟೇ, ಹಾಗಾಗಿ ಲೀಟರಿಗೆ ಸುಮಾರು 880 ಗ್ರಾಂ ತೂಗುತ್ತದೆ. ಮನೆಯ ಒಂದು ಬಟ್ಟಲು ಹೆಚ್ಚು ಹೊಟ್ಟೆ ತುಂಬಿಸುವುದು, ರುಚಿ ಗಾಢವೆನಿಸುವುದು, ಅಷ್ಟೇ ಬೇಗ ಗಟ್ಟಿಯೂ ಆಗುವುದು ಇದಕ್ಕೇ. ತಿನ್ನುವ ಹತ್ತು ನಿಮಿಷ ಮುಂಚೆ ಡಬ್ಬಿಯನ್ನು ಫ್ರಿಜ್ಜಿನ ಕೆಳ ಅರೆಗೆ ಇಳಿಸಿದರೆ ಚಮಚ ಇಳಿಯುತ್ತದೆ.

ಹಣ್ಣು, ಸ್ವಾದ

ಹಣ್ಣು ಸೇರಿಸುವುದೆಂದರೆ ನೀರು ಸೇರಿಸುವುದು. ಮಾವಿನ ಹಣ್ಣಿನಲ್ಲೂ ಶೇ. 80ಕ್ಕೂ ಹೆಚ್ಚು ನೀರಿದೆ. ತಿರುಳನ್ನು ಸಕ್ಕರೆಯ ಒಂದು ಪಾಲಿನೊಂದಿಗೆ ಸಣ್ಣ ಉರಿಯಲ್ಲಿ ಇಂಗಿಸಿ ಹಾಕಿದರೆ ಹರಳು ದಪ್ಪವಾಗುವುದಿಲ್ಲ. ಹಸಿ ತುಂಡುಗಳು ಫ್ರೀಜರಿನಲ್ಲಿ ಹಲ್ಲಿಗೆ ಕಲ್ಲಾಗುತ್ತವೆ. ಅವನ್ನು ಕೆಲವು ಗಂಟೆ ಸಕ್ಕರೆಯಲ್ಲಿ ನೆನೆಸಬೇಕು. ಹಸಿ ಅನಾನಸು, ಪಪ್ಪಾಯಿಗಳ ಕಿಣ್ವಗಳು ಹಾಲಿನ ಪ್ರೋಟೀನನ್ನು ಒಡೆದು ಕಹಿಮಾಡುತ್ತವೆ. ಬೇಯಿಸಿದರೆ ಆ ದೋಷವಿಲ್ಲ. ಏಲಕ್ಕಿ, ಕೇಸರಿ, ಗಟ್ಟಿ ಕಾಫಿ ಡಿಕಾಕ್ಷನ್ ಬಿಸಿ ಹಾಲಿನಲ್ಲೇ ಘಮ ಬಿಟ್ಟುಕೊಡುತ್ತವೆ. ತಂಪಿನಲ್ಲಿ ನಾಲಿಗೆಯ ಗ್ರಹಿಕೆ ಮಂಕಾಗುವುದರಿಂದ ಮಿಶ್ರಣದ ಹಂತದಲ್ಲಿ ಸಿಹಿ, ಘಮ ತುಸು ಹೆಚ್ಚೇ ಇರಬೇಕು.

ಹಣ್ಣಿನ ಐಸ್‌ಕ್ರೀಮಿನ ವಿಷಯದಲ್ಲಿ ಕರಾವಳಿ ಕರ್ನಾಟಕದ ಹೆಸರು ದೊಡ್ಡದು. ಮುಲ್ಕಿಯ ಕಡೆಯ ಹಣ್ಣಿನ ವ್ಯಾಪಾರಿಯೊಬ್ಬರ ಮಗ ರಘುನಂದನ ಕಾಮತ್ 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ನ್ಯಾಚುರಲ್ ಐಸ್‌ಕ್ರೀಮ್ ಅಂಗಡಿ ತೆರೆದು, ಸೀತಾಫಲ, ಎಳನೀರು, ಹಲಸುಗಳನ್ನು ಐಸ್‌ಕ್ರೀಮಿನ ರುಚಿಗಳಾಗಿ ದೇಶಕ್ಕೆ ಪರಿಚಯಿಸಿದರು. ಮಂಗಳೂರಿನಲ್ಲಿ ಪ್ರಭಾಕರ ಕಾಮತ್ 1975ರಲ್ಲಿ ಆರಂಭಿಸಿದ ಐಡಿಯಲ್ ಐಸ್‌ಕ್ರೀಮ್ ಗಡ್‌ಬಡ್‌ಗೆ ಹೆಸರಾಯಿತು. ಉದ್ದನೆಯ ಗಾಜಿನ ಲೋಟದಲ್ಲಿ ಬಗೆಬಗೆಯ ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಗೋಡಂಬಿಗಳನ್ನು ಪದರವಾಗಿ ಪೇರಿಸಿದ ಈ ತಿನಿಸನ್ನು ಮನೆಯಲ್ಲಿ ಕಟ್ಟಬೇಕಾದರೆ ಎರಡು ಮೂರು ಸ್ವಾದಗಳು ಮುಂಚೆಯೇ ಸಿದ್ಧವಿರಬೇಕು. ಬಟ್ಟಲಿನ ಯಂತ್ರಕ್ಕೆ ಅದು ಎರಡು ಮೂರು ದಿನದ ತಯಾರಿ.

ದೋಷ, ಎಚ್ಚರಿಕೆ

ಹರಳು ಹರಳಾದರೆ ನೀರು ಹೆಚ್ಚಾಗಿದೆ ಅಥವಾ ತಣಿಯುವುದು ನಿಧಾನವಾಗಿದೆ. ಕಲ್ಲಾದರೆ ಸಕ್ಕರೆ ಸಾಲದು. ಗಟ್ಟಿಯಾಗದಿದ್ದರೆ ಸಕ್ಕರೆ ಹೆಚ್ಚಿದೆ ಅಥವಾ ಬಟ್ಟಲು ತಣಿದಿಲ್ಲ. ಬಾಯಿಯ ಮೇಲ್ಭಾಗಕ್ಕೆ ಜಿಡ್ಡು ಅಂಟಿದರೆ ಕೊಬ್ಬು ಕಡೆದುಹೋಗಿದೆ. ಬಾಯಲ್ಲೂ ಕರಗದ ಮರಳಿನಂಥ ಕಣ ಸಿಕ್ಕಿದರೆ ಹಾಲಿನ ಪುಡಿ ಹೆಚ್ಚಾಗಿ, ಹಾಲಿನ ಸಕ್ಕರೆಯೇ ಹರಳುಗಟ್ಟಿದೆ.

ಹೆಪ್ಪುಗಟ್ಟಿಸಿದ ಮಾತ್ರಕ್ಕೆ ಬ್ಯಾಕ್ಟೀರಿಯ ಸಾಯುವುದಿಲ್ಲ. ಹಾಲು, ಮೊಟ್ಟೆ ಕಾಯದ ಮಿಶ್ರಣವನ್ನು ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಕೊಡಬಾರದು. ಪೂರ್ತಿ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ರೆಕ್ಕೆಯ ಸಂದುಗಳನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಬೇಕು. ಬಟ್ಟಲನ್ನು ಮಾತ್ರ ಕುದಿನೀರಿಗೆ ಒಡ್ಡಬಾರದು, ಗೋಡೆಯ ಬೆಸುಗೆ ಬಿಟ್ಟರೆ ಶೀತಕ ದ್ರವ ಸೋರುತ್ತದೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಊರಿಗೆ ತಂದುಕೊಡುವ ಯಂತ್ರಗಳು ಸಾಮಾನ್ಯವಾಗಿ 120 ವೋಲ್ಟ್, 60 ಹರ್ಟ್ಸ್‌ನವು. ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತವೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟೇಜ್ ಸರಿಹೋಗುತ್ತದೆಯೇ ಹೊರತು 50 ಹರ್ಟ್ಸ್ ಬದಲಾಗುವುದಿಲ್ಲ. ಮೋಟರು ನಿಧಾನವಾಗಿ, ಬಿಸಿಯಾಗಿ ಓಡಬಹುದು.

ಹಾಲು ಇಂಗಿಸುವುದು, ಪಾಕದ ಎಳೆ ನೋಡುವುದು, ಹಿಟ್ಟು ಹುದುಗುವವರೆಗೆ ಕಾಯುವುದು, ಇವೆಲ್ಲ ನಮ್ಮ ಅಡುಗೆಮನೆಗಳಲ್ಲಿ ಹಳೆಯ ವಿದ್ಯೆಗಳು. ಐಸ್‌ಕ್ರೀಮ್ ಯಂತ್ರ ಕೇಳುವುದೂ ಇವನ್ನೇ. ಹಿಂದಿನ ರಾತ್ರಿ ತೂಗಿ, ಕಾಯಿಸಿ, ಆರಿಸಿಟ್ಟ ಮಿಶ್ರಣವೂ ಅಲುಗಾಡಿಸಿದರೆ ಸದ್ದುಮಾಡದ ಬಟ್ಟಲೂ ಇದ್ದರೆ, ಅಗ್ಗದ ಯಂತ್ರವೂ ಇಪ್ಪತ್ತೈದು ನಿಮಿಷದಲ್ಲಿ ನಯವಾದ ಐಸ್‌ಕ್ರೀಮ್ ಕೊಡುತ್ತದೆ.